ರಾಮಕ್ಕ ಕಟ್ಟಿದ ಒದ್ದೆ ಬಟ್ಟೆ

ಹಿಂದೂಪುರ, 12 ಜುಲೈ 1984, ಗುರುವಾರ

ತಪ್ಪು ರಾಮಕ್ಕನದೋ ನನ್ನದೋ, ಇನ್ನೂ ತಿಳೀತಿಲ್ಲ.

ಹೊಸದಾಗಿ ಕರೆಂಟಿನ ಮಗ್ಗ ಹಾಕಿಸಿಕೊಂಡ ನೇಕಾರರಿಗೆ ಪಾಠ ಶುರುಮಾಡಿದ ದಿನ ನಾನೇ ಹೇಳಿದ್ದೆ: ಕರೆಂಟು ಅಂದ್ರೆ ನೀರಿದ್ದ ಹಾಗೆ, ತಂತಿ ಅಂದ್ರೆ ಪೈಪು. ಟ್ಯಾಂಕು ಎತ್ತರವಾದಷ್ಟೂ ನೀರು ಜೋರು, ಆ ಜೋರೇ ವೋಲ್ಟೇಜು. ಎಲ್ಲರೂ ತಲೆಯಾಡಿಸಿದರು. ನನಗೂ ಹೆಮ್ಮೆಯಾಗಿತ್ತು.

ಇವತ್ತು ಅವರಲ್ಲೊಬ್ಬಳಾದ ರಾಮಕ್ಕನ ಮನೆಗೆ ಹೋದರೆ, ಇಲಿ ಕಡಿದ ತಂತಿಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿದ್ದಾಳೆ! ಪುಣ್ಯಕ್ಕೆ ಆಗ ಕರೆಂಟು ಹೋಗಿತ್ತು. ಓಡಿಹೋಗಿ ಮೇನ್ ಆಫ್ ಮಾಡಿ ಕೂಗಾಡಿಬಿಟ್ಟೆ.

"ನೀನೇ ಹೇಳಿದ್ದು ಕಣಪ್ಪ, ನೀರಿದ್ದಂಗೆ ಅಂತ. ಪೈಪು ಸೋರಿದ್ರೆ ಒದ್ದೆ ಬಟ್ಟೆ ತಾನೇ ಕಟ್ಟೋದು? ಒಣಗಿದ್ದು ಬಿಗಿಯಾಗಿ ಕೂರಾಕಿಲ್ಲ, ಅಂತೇ ಗದಾ, ಅಷ್ಟೇ ಅಲ್ವಾ?" ಅಂದಳು.

ಹದಿನೆಂಟು ವರ್ಷದಿಂದ ವೈರ್‌ಮನ್ ಆಗಿರೋ ನಾನು ಆ ಬಟ್ಟೆ ಬಿಚ್ಚಿ, ತಂತಿ ಒರೆಸಿ, ಟೇಪು ಸುತ್ತಿ ಬಂದೆ.

ನಾಳೆ ಪಾಠಕ್ಕೆ ನೀರು ಬೇಡ. ನೂಲು ಅನ್ನಲೇ? ಎಳೆ ಕಡಿದರೆ ನೇಯ್ಗೆ ನಿಲ್ಲುತ್ತೆ, ತಂತಿ ಕಡಿದರೆ ಕರೆಂಟು ನಿಲ್ಲುತ್ತೆ. ಇವರಿಗೆ ಒಂದೇ ಮಾತಿಗೆ ಅರ್ಥವಾಗುತ್ತೆ.

ಇಷ್ಟು ಬರೆದು ಪೆನ್ನು ಮುಚ್ಚಿದವನು ಮತ್ತೆ ತೆಗೆದೆ. ಎಳೆ ಕಡಿದ ಕೂಡಲೇ ಇವರು ಮಾಡೋದೇನು? ಆ ಕಡೆ ನೋಡೋದೂ ಇಲ್ಲ, ಎರಡು ತುದಿಗಳನ್ನೂ ಬರಿಬೆರಳಲ್ಲೇ ಹಿಡಿದು ಗಂಟು ಹಾಕ್ತಾರೆ.