ಡ್ರಮ್ಮಿನ ಹಿಂದಿನ ಚಪ್ಪಲಿಗಳು

ಹೊಸಪೇಟೆ
28 ಜುಲೈ 2024

ಮುದ್ದಿನ ಸುಮಂಗಲಾ,

ಹೇಗಿದ್ದೀಯ? ಅಜ್ಜಿಯ ಊರು ಮೆಟ್ರಿಯ ನೀರು ಒಗ್ಗಿತೇ? ಫೋನ್ ಮಾಡಿದರೆ "ಹೂಂ" ಎಂದು ಅಜ್ಜಿಯ ಕೈಗೆ ಕೊಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲವೆಂದು ಬರೆಯಲು ಕೂತಿದ್ದೇನೆ. ಅಜ್ಜಿ ಓದಿ ಹೇಳು ಎಂದರೆ ಉಂಡಿಯ ಸುದ್ದಿಯಷ್ಟನ್ನೇ ಓದು, ಸಾಕು.

ಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ ಎರಡೂ ಕಟ್ಟುತ್ತೇನೆ. ನಿಮ್ಮಪ್ಪ ಜೋಕಾಲಿಗೆ ಹಗ್ಗ ತಂದಿಟ್ಟಿದ್ದಾರೆ. ಆದರೆ ನೀನು ಅಜ್ಜಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು: "ಸುಂಕಿ ಆ ಮನ್ಯಾಗ ಇರೋತನಕ ನಾ ಬರಂಗಿಲ್ಲ."

ನಿನ್ನ ಸಿಟ್ಟು ತಪ್ಪಲ್ಲ. ಹಲ್ಲಿನ ಗುರುತು ಬಿದ್ದದ್ದು ನಿನ್ನ ತೋಳಿನ ಮೇಲೆ, ಹರಿದದ್ದು ನಿನ್ನ ಪುಸ್ತಕ. ಪ್ರತಿ ಸಲವೂ ನಾನು "ಸಣ್ಣದು, ಬಿಡು" ಎಂದೆ. ಮೆಟ್ರಿಗೆ ಹೊರಡುವ ದಿನ ನಿನ್ನ ನೀಲಿ ಚಪ್ಪಲಿಯಲ್ಲಿ ಒಂದು ಕಾಣಲಿಲ್ಲ. ನಾಯಿ ಒಯ್ದಿರಬೇಕು ಎಂದು ನಾನು, ಸುಂಕಿಯದೇ ಕೆಲಸ ಎಂದು ನೀನು. ಉಳಿದ ಒಂದನ್ನು ನೀನು ಅವಳ ಮೇಲೆ ಎಸೆದು ಹಳೆಯ ಶೂನಲ್ಲಿ ಬಸ್ ಹತ್ತಿದೆ. ಅವಳು ಅಳಲಿಲ್ಲ. ಅಳದ ಮಗುವನ್ನು ಕಂಡರೆ ಮೈ ಉರಿಯುತ್ತದೆ, ನನಗೂ.

ನನ್ನ ತಂಗಿ ತೀರಿಕೊಂಡಾಗ ಸುಂಕಿ ಎದೆಹಾಲಿನ ಕೂಸು. ನಮ್ಮ ಮನೆಗೆ ಬರುವತನಕ ಕಂಪ್ಲಿಯಲ್ಲಿ ಕೆಲವು ದಿನ, ಸಂಡೂರಿನಲ್ಲಿ ಕೆಲವು ದಿನ. ಹಾಲು ಕುಡಿಸಿದವರು ಒಬ್ಬರು, ತೊಟ್ಟಿಲು ತೂಗಿದವರು ಇನ್ನೊಬ್ಬರು. ನೆಚ್ಚುವ ವಯಸ್ಸಿನಲ್ಲಿ ಯಾರೂ ನಿಲ್ಲದಿದ್ದರೆ ಮಗು ನೆಚ್ಚುವುದನ್ನೇ ಬಿಟ್ಟುಬಿಡುತ್ತದೆ, ಇದು ಹಟವಲ್ಲ, ತಾಳ್ಮೆ ಬೇಕು ಎಂದರು ಬಳ್ಳಾರಿಯ ಡಾಕ್ಟರು. ಹೇಳುವುದು ಸುಲಭ. ತುತ್ತು ಹಿಡಿದರೆ ಮುಖ ತಿರುಗಿಸುವವಳ ಎದುರು ಎರಡು ವರ್ಷ ಕೂತು ನೋಡಲಿ ಅವರು. ಬಿಸಿ ಹಂಚು ಮುಟ್ಟಿ ಅಂಗೈಯಲ್ಲಿ ಬೊಬ್ಬೆ ಎದ್ದರೂ ನನಗೆ ತೋರಿಸಲಿಲ್ಲ; ಮರುದಿನ ಮೈ ತೊಳೆಯುವಾಗ ಕಂಡೆ. ಪಕ್ಕದ ಮನೆಯ ಎರ್ರೆಮ್ಮ, ಹೆತ್ತಿದ್ದರೆ ಹೀಗಾಗುತ್ತಿತ್ತೇ ಎಂದು ಓಣಿಯಲ್ಲೇ ಅಂದಳು. ನೀನಿಲ್ಲ, ನಿಮ್ಮಪ್ಪ ಫ್ಯಾಕ್ಟರಿಯ ಶಿಫ್ಟಿನಲ್ಲಿ. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಹೊಲಿಗೆ ಮಷೀನೊಂದೇ.

ಮೊನ್ನೆ ಶುಕ್ರವಾರ ನಾನು ಸೋತೆ. ನಿಮ್ಮಪ್ಪನಿಗೂ ಹೇಳದೆ, ಸುಂಕಿಯನ್ನು ನಿಮ್ಮಲ್ಲಿ ಬಿಟ್ಟು ಹೋಗುತ್ತೇನೆಂದು ಸಂಡೂರಿನ ಅವಳ ಸೋದರತ್ತೆಗೆ ಫೋನ್ ಮಾಡಿದೆ. ಬಟ್ಟೆಗಳನ್ನು ಚೀಲಕ್ಕೆ ತುಂಬುವಾಗ ಅವಳು ತಾನೇ ತಲೆ ಬಾಚಿಕೊಂಡು ಬಂದು ಕೇಳಿದಳು:

"ಈಗ ಯಾರ ಮನಿಗೆ?"

ಊಟಕ್ಕೇನು ಎಂದು ಕೇಳಿದ ಹಾಗೆ ಕೇಳಿದಳು. ಚೀಲ ಅಲ್ಲೇ ಬಿಟ್ಟು ಹೊರಗೆ ಬಂದರೆ ನನ್ನ ಚಪ್ಪಲಿ ಒಂದಿಲ್ಲ. ಹುಡುಕಿ ಹುಡುಕಿ, ಕೊನೆಗೆ ಅಕ್ಕಿ ಡ್ರಮ್ಮಿನ ಹಿಂದೆ ಕೈ ಹಾಕಿದೆ. ನಾಯಿಯ ಮೇಲೆ ಹೊರಿಸಿದ್ದವೆಲ್ಲ ಅಲ್ಲಿದ್ದವು: ನನ್ನವು, ನಿಮ್ಮಪ್ಪನದು, ಎಲ್ಲವೂ ಒಂಟಿ. ನಡುವೆ ನಿನ್ನ ನೀಲಿ ಚಪ್ಪಲಿಯೂ ಇತ್ತು. ನೀನು ಹೇಳಿದ್ದೇ ನಿಜ, ಅವಳದೇ ಕೆಲಸ. ಯಾಕೆ ಎಂದು ಕೇಳಿದೆ. ಗೋಡೆ ನೋಡುತ್ತ ಅಂದಳು:

"ಒಂದ ಇದ್ರ ಹೋಗಾಕ ಬರಂಗಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವಳು ಹತ್ತಿರ ಬರಲಿಲ್ಲ, ಚೀಲ ಹಿಡಿದು ಬಾಗಿಲ ಬಳಿಯೇ ನಿಂತಿದ್ದಳು. ಅವಳು ಬದಲಾದಳೆಂದು ನಿನಗೆ ಬಣ್ಣ ಕಟ್ಟಿ ಹೇಳುವುದಿಲ್ಲ. ನಾಳೆಯೂ ಕಚ್ಚಿಯಾಳು. ಆದರೆ ಸಂಡೂರಿಗೆ ಬರುವುದಿಲ್ಲವೆಂದು ತಿಳಿಸಿಬಿಟ್ಟೆ.

ಅವಳನ್ನು ಕಳಿಸಿ ನಿನ್ನನ್ನು ಕರೆಯಲಾರೆ. ನಿನ್ನನ್ನು ಬಿಟ್ಟು ಹಬ್ಬವನ್ನೂ ಮಾಡಲಾರೆ. ನಿನ್ನ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿದ್ದೇನೆ. "ಸಣ್ಣದು, ಬಿಡು" ಎಂದು ಇನ್ನು ನನ್ನ ಬಾಯಿಂದ ಬರುವುದಿಲ್ಲ. ಎರಡು ದಿನಕ್ಕಾದರೂ ಬಾ, ಮಗಳೇ. ಬಾರದಿದ್ದರೆ ಉಂಡಿಯ ಡಬ್ಬಿ ಹಿಡಿದು ನಾನೇ ಮೆಟ್ರಿಗೆ ಬರುತ್ತೇನೆ, ಬೈಯುವುದಿದ್ದರೆ ಎದುರಿಗೇ ಬೈ.

ನಿನ್ನ ದಾರಿ ಕಾಯುವ
ಅವ್ವ,
ಹೇಮಾವತಿ

ತಾ.ಕ.: ಡ್ರಮ್ಮಿನ ಹಿಂದೆ ಎಲ್ಲರದೂ ಇತ್ತು, ಸುಂಕಿಯದು ಮಾತ್ರ ಇರಲಿಲ್ಲ. ಅವಳ ಜೋಡು ಯಾವಾಗಲೂ ಬಾಗಿಲಲ್ಲೇ ಸಿದ್ಧವಾಗಿರುತ್ತಿತ್ತು. ನಿನ್ನೆ ಅದರಲ್ಲಿ ಒಂದನ್ನು ನಾನೇ ತೆಗೆದು ಆ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ಇವತ್ತು ಬೆಳಿಗ್ಗೆ ಅವಳು ಅಲ್ಲಿ ಬಗ್ಗಿ ನೋಡುವುದನ್ನು ಕಂಡೆ. ನೋಡಿಯೂ ಅದನ್ನು ತೆಗೆದುಕೊಳ್ಳದೆ ಬರಿಗಾಲಲ್ಲೇ ಆಡಲು ಹೋದಳು.