ಒಣದ್ರಾಕ್ಷಿ ಶೆಡ್ಡಿನಲ್ಲಿ ಪಿಯಾನೊ

ಕಾಗವಾಡ
೧೧ ಮೇ ೨೦೨೫

ಪ್ರೀತಿಯ ಗಂಗಾ,

ನಾವೆಲ್ಲ ಕ್ಷೇಮ. ಮುಗಳಖೋಡದಲ್ಲಿ ನೀನು, ನಿನ್ನ ಅಣ್ಣ ಮಲಕಾರಿ, ಅವನ ಮಕ್ಕಳು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಹದಿನೈದು ದಿನದಲ್ಲಿ ನೀನು ಆರು ಸಲ ಫೋನು ಮಾಡಿದೆ, ನಾನು ಒಂದನ್ನೂ ಎತ್ತಲಿಲ್ಲ. ತಪ್ಪಾಯಿತು. ಆದರೆ ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸಿದ ಚಾಳಿ ಅದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ವಿಷಯ ನಿನ್ನ ಪಿಯಾನೊದ್ದೇ. ಕೋಣೆ ಕಟ್ಟಿ ಮುಗಿಯಿತು, ಜೂನ್ ಒಂದಕ್ಕೆ ಬಂದು ಒಯ್ಯುತ್ತೇನೆ, ಕ್ಲಾಸು ಶುರು ಮಾಡುತ್ತೇನೆ, ಹನ್ನೆರಡು ಮಕ್ಕಳ ಹೆಸರು ಬರೆದುಕೊಂಡಿದ್ದೇನೆ ಅಂತ ಮೆಸೇಜು ಹಾಕಿದ್ದೀಯ. ಗಂಗಾ, ಈಗ ಅದು ಇರುವ ಸ್ಥಿತಿಯಲ್ಲಿ ಒಯ್ದರೆ ಆ ಮಕ್ಕಳು ಹೆದರಿ ಓಡುತ್ತಾರೆ.

ಮೊದಲಿನಿಂದ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು. ನೀನು ನಿವೃತ್ತಿಯಾದಾಗ ಶಾಲೆಯವರು ತಮಗೆ ಹೊಸ ಕೀಬೋರ್ಡು ತಂದುಕೊಂಡು ಈ ಹಳೆಯದಕ್ಕೆ ಹಾರ ಹಾಕಿ ನಿನಗೆ ಕೊಟ್ಟರು. ಅದು ಅಣ್ಣನ ಮನೆಯ ಬಾಗಿಲಲ್ಲಿ ಹಿಡಿಯಲಿಲ್ಲ. "ಒಂದ ಖೋಲಿ ಕಟ್ಟಸೂತನಾ ನಿಮ್ಮ ಮನ್ಯಾಗ ಇರ್ಲಿ ಜಿನಮತಿ" ಎಂದೆ ನೀನು. ಟ್ರಾಕ್ಟರಿನಲ್ಲಿ ಬಂದದ್ದನ್ನು ಆರು ಆಳು ಸೇರಿ ಇಳಿಸಿದರು. ಅವತ್ತಿನಿಂದ ನಮ್ಮ ಪಡಸಾಲೆಯಲ್ಲಿ ಮನುಷ್ಯರು ಅಡ್ಡಡ್ಡ ನಡೆದಾಡಬೇಕಾಯಿತು. ಬಂದ ಬೀಗರೊಬ್ಬರು ಅದನ್ನು ಕಪಾಟು ಎಂದುಕೊಂಡು ಸುತ್ತಲೂ ಕೈಯಾಡಿಸಿ, "ಇದರ ಬಾಗಲಾ ಎಲ್ಲಿ ಐತ್ರಿ?" ಎಂದು ಕೇಳಿದರು. ನಮ್ಮ ಅತ್ತೆ ಅಕ್ಕುತಾಯಿಯವರಂತೂ ಅದರ ಮೇಲೆ ಸಂಡಿಗೆ ತಾಟು ಇಡುವುದು, ನಾನು ಇಳಿಸುವುದು, ಅವರು ಮತ್ತೆ ಇಡುವುದು.

ಮಳೆಗಾಲದಲ್ಲಿ ಗೋಡೆಗೆ ಹಸಿ ಏರಿತು. ಮನೆಗೆ ಬಂದವರು ಯಾರಾದರೂ ಮುಚ್ಚಳ ಎತ್ತಿ ಒತ್ತಿದರೆ ನಾಲ್ಕಾರು ಪಟ್ಟಿಗಳು ಕೆಳಗೇ ಕೂತುಬಿಡುತ್ತಿದ್ದವು, ಮೇಲೆ ಬರಲೊಲ್ಲವು. ಅಕ್ಟೋಬರಿನಲ್ಲಿ ಮಿರಜಿನಿಂದ ಗಂಗಾರಾಮನನ್ನು ಕರೆಸಿದೆ. ಹಾರ್ಮೋನಿಯಂ ಪೇಟಿ, ಪಿಯಾನೊ ಎರಡಕ್ಕೂ ಶ್ರುತಿ ಹಚ್ಚಿ ಸೂರು ಕೂಡಿಸುವವನು, ಎಪ್ಪತ್ತರ ಹತ್ತಿರದ ಮನುಷ್ಯ. ಮುಂದಿನ ಹಲಗೆ ತೆಗೆದರೆ ಒಳಗೆ ಇಲಿಯ ಗೂಡು! ತಂತಿಗೆ ಬಡಿಯುವ ಸುತ್ತಿಗೆಗಳ ಮೇಲಿನ ಉಣ್ಣೆಯನ್ನೇ ಕಿತ್ತು ಮೆತ್ತಗೆ ಹಾಸಿಕೊಂಡಿತ್ತು. ಅವನು ಎರಡು ದಿನ ಕೂತು ಎಲ್ಲ ಸರಿ ಮಾಡಿದ. "ಸೂರ ಕೂಡಸೂದು ಒಂದ ಕೆಲಸಾ, ಬೆರಳಿಗೆ ಒಗ್ಗೂವಂಗ ಮಾಡೂದು ಬ್ಯಾರೇನ ಕೆಲಸಾರಿ ಅಕ್ಕಾರ. ಹಸಿ ಹತ್ತಿದ್ರ ಎರಡೂ ಹೋಗ್ತಾವ. ಇದನ್ನ ಒಣಾ ಜಾಗಾದಾಗ ಇಡ್ರಿ" ಎಂದು ಹೇಳಿಹೋದ.

ಒಣ ಜಾಗ! ಈ ಎರಡು ಶಬ್ದ ನಮ್ಮ ಮನೆಯವರ ಕಿವಿಗೆ ಬಿದ್ದವು ನೋಡು, ಅಲ್ಲಿಗೆ ಮುಗಿಯಿತು. ದ್ರಾಕ್ಷಿ ಬೆಳೆಯುವವನಿಗೆ ಒಣ ಜಾಗ ಅಂದರೆ ಯಾವುದು? ಒಣದ್ರಾಕ್ಷಿ ಮಾಡುವ ಶೆಡ್ಡು. "ಅಲ್ಲಿ ಹಸೀ ದ್ರಾಕ್ಷಿ ಹದಿನೈದ ದಿನದಾಗ ಒಣಗತೈತಿ, ನಿನ್ನ ಗೆಳತಿ ಪೇಟಿಗೆ ಏನ ಆಗತೈತಿ?" ಎಂದು ಮತ್ತೆ ಆರು ಆಳು ಹಚ್ಚಿ ತೋಟಕ್ಕೆ ಸಾಗಿಸಿದರು. ಚಳಿಗಾಲವೆಲ್ಲ ಅದು ಅಲ್ಲಿ ಸುಖವಾಗಿಯೇ ಇತ್ತು.

ಮಾರ್ಚಿನಲ್ಲಿ ದ್ರಾಕ್ಷಿ ಮಾಲು ಬಂತು. ಒಣದ್ರಾಕ್ಷಿಗೆ ಹಳದಿ ಬಣ್ಣ ನಿಲ್ಲಬೇಕಾದರೆ ಶೆಡ್ಡಿಗೆ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಬಿಗಿದು ಒಳಗೆ ಗಂಧಕದ ಹೊಗೆ ಹಾಕುತ್ತೇವೆ, ನಿನಗೆ ಗೊತ್ತೇ ಇದೆ. ಪಿಯಾನೊ ಒಳಗೇ ಉಳಿಯಿತು. ಹೊಗೆ ಹಾಕುವ ಮುಂಚೆ ಅದನ್ನು ಹೊರಗೆ ತರಬೇಕೆಂಬ ಬುದ್ಧಿ ಈ ಮನೆಯಲ್ಲಿ ಒಬ್ಬರಿಗೂ ಬರಲಿಲ್ಲ. ದ್ರಾಕ್ಷಿಗೆ ಬಂಗಾರದ ಬಣ್ಣ ಬಂತು, ನಿನ್ನ ತಂತಿಗಳು ಕಪ್ಪಗಾಗಿ ತುಕ್ಕು ಹಿಡಿದವು. ತಾಮ್ರ ಸುತ್ತಿದ ದಪ್ಪ ತಂತಿಗಳನ್ನಂತೂ ಕೇಳಲೇಬೇಡ. ಹದಿನೈದು ದಿನದ ಹಿಂದೆ ಗಂಗಾರಾಮ ಮತ್ತೆ ಬಂದು ತಂತಿ ತಿರುವುವ ಕೀಲಿ ಹಾಕಿ ಬಿಗಿಯಲು ಹೋದರೆ ಟಪ್ ಟಪ್ ಎಂದು ಒಂಬತ್ತು ತಂತಿ ಹರಿದವು. ಮುದುಕ ಕೀಲಿ ಕೆಳಗಿಟ್ಟು ನಮ್ಮ ಮನೆಯವರ ಮುಖ ನೋಡಿ, "ದೇಸಾಯರ, ಇದಕ್ಕಿಂತ ನೀರಿನ ಬಾಂವ್ಯಾಗ ಇಳಿಸಿದ್ರ ಛಲೋ ಆಗತಿತ್ರಿ" ಎಂದ. ಇವರು ಎದ್ದು ಹೋದರು. ಆಗಿನಿಂದ ಊಟಕ್ಕೂ ಕರೆದರೆ ಬರುತ್ತಾರೆ, ಕರೆಯದಿದ್ದರೆ ಇಲ್ಲ.

ಈಗ ಪಿಯಾನೊ ಮತ್ತೆ ಪಡಸಾಲೆಯಲ್ಲಿದೆ. ಪುಣೆಯಿಂದ ತಂತಿ ತರಿಸಿದ್ದೇವೆ. ಗಂಗಾರಾಮ ನಮ್ಮಲ್ಲೇ ಉಳಿದು ಕೆಲಸ ಹಿಡಿದಿದ್ದಾನೆ. ಮೇಲಿನ ಅರ್ಧ ಸರಿಹೋಗುತ್ತದೆ ಅನ್ನುತ್ತಾನೆ, ಕೆಳಗಿನ ದಪ್ಪ ಸ್ವರಗಳ ಬಗ್ಗೆ ತಲೆ ಅಲ್ಲಾಡಿಸುತ್ತಾನೆ. ಜೂನ್ ಒಂದಕ್ಕೆ ಆಗುತ್ತದೋ ಇಲ್ಲವೋ ನಾನು ಮಾತು ಕೊಡಲಾರೆ. ಮಕ್ಕಳಿಗೆ ಹದಿನೈದು ದಿನ ತಡ ಎಂದು ಹೇಳಿಬಿಡು.

ಮಲಕಾರಿಯಣ್ಣನಿಗೆ ನಮಸ್ಕಾರ. ಅವನ ಮಕ್ಕಳಿಗೂ ನಿನ್ನ ಆ ಹನ್ನೆರಡು ಮಕ್ಕಳಿಗೂ ಒಳ್ಳೆಯದಾಗಲಿ, ವಿದ್ಯೆ ಹತ್ತಲಿ. ನೀನು ಬಿಸಿಲಲ್ಲಿ ತಿರುಗಬೇಡ.

ನಿನ್ನ,
ಜಿನಮತಿ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ಹೊಗೆ ಹಾಕುವ ದಿನ ನಮ್ಮ ಮನೆಯವರು, "ಪೇಟಿ ಹೊರಗ ತರಸಲೇನ?" ಎಂದು ಕೇಳಿದ್ದರು. ನಾನೇ "ಇರ್ಲಿ ಬಿಡ್ರಿ" ಎಂದೆ. ಗಂಧಕ ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಹಿಂದೊಂದು ವರ್ಷ ಆ ಶೆಡ್ಡಿನಲ್ಲಿ ತಾಮ್ರದ ಚೆಂಬು ಮರೆತು ಬಂದು, ಹೊಗೆಗೆ ಅದು ಕಪ್ಪಾದದ್ದನ್ನು ಕಂಡವಳು ನಾನೇ.

ಪಿಯಾನೊ ಇಳಿಸಿದ ದಿನ ಒಂದು ಪಟ್ಟಿಯ ಮೇಲೆ ಬೆರಳಿಟ್ಟಿದ್ದೆ, ಒಂದೇ. ಆಳುಗಳ ಮುಂದೆ ನೀನು ನನ್ನ ಕೈ ಸರಿಸಿ, "ಮುಟ್ಟಬ್ಯಾಡ ಲೇ, ಹೊಲದಾಗ ಕುರಪಿ ಹಿಡಿಯೂ ಕೈ ಅದು" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕು ನಿನಗೆ ಚಹಾ ಮಾಡಲು ಒಳಗೆ ಹೋದೆ. ನೀನು ಮರೆತಿರಬೇಕು. ನಾನು ಹನ್ನೊಂದು ತಿಂಗಳಿಂದ ಅದರ ಧೂಳು ಒರೆಸುತ್ತ ಬಂದೆ, ಮುಚ್ಚಳ ಎತ್ತಲಿಲ್ಲ.

ನಿನ್ನೆ ಗಂಗಾರಾಮ ನನ್ನನ್ನು ಕೂರಿಸಿ ಒಂದೊಂದೇ ಪಟ್ಟಿ ಒತ್ತಲು ಹೇಳಿದ, ತಾನು ಒಳಗೆ ಕಿವಿಯಿಟ್ಟು ಕೇಳಿದ. ಎಂಬತ್ತೈದು ಪಟ್ಟಿ. ಮುಗಿದ ಮೇಲೆ, "ಭಾಳ ಹಗೂರ ಐತ್ರಿ ನಿಮ್ಮ ಕೈ" ಎಂದ. ನನಗೆ ಅಳು ತಡೆಯಲಾಗಲಿಲ್ಲ, ಗಂಗಾ. ಈ ಕೈಯಿಂದಲೇ ನಿನ್ನದನ್ನು ಹಾಳು ಮಾಡಿದೆನಲ್ಲ.

ಬಂದು ಎಷ್ಟು ಬೇಕಾದರೂ ಬೈ, ಕೇಳುತ್ತೇನೆ. ತಂತಿ ನಾನು ಹಾಕಿಸಿಕೊಡುತ್ತೇನೆ. ಆ ಕುರಪಿಯ ಮಾತನ್ನು ಮಾತ್ರ ನೀನು ವಾಪಸು ತಗೊಂಡು ಹೋಗು.