ನೇರಳೆ ಗುಂಡಿ

ಮಾರ್ಚ್ 4, ಸಂಜೆ

ಒಂದು ವರ್ಷದಿಂದ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡದ್ದನ್ನು ಇಲ್ಲಿಯಾದರೂ ಬರೆಯುತ್ತೇನೆ. ಅಂಗಡಿಯ ಡೆಮೋ ಫೋನಿನಲ್ಲಿ ಲೈಕು ಹಾಕುವ ಆ ಗೆಳೆಯರೆಲ್ಲ ನಾವೇ. ಬೇರೆ ಬೇರೆ ಊರುಗಳಲ್ಲಿ ಇದೇ ಫೋನ್ ಮಾರಲು ನಿಂತಿರುವ ನನ್ನಂಥವರು. ಕಂಪನಿ ಒಬ್ಬೊಬ್ಬರಿಗೂ ಒಂದು ಸುಳ್ಳು ಹೆಸರು, ಒಂದು ಚಂದದ ಮುಖ ಕೊಟ್ಟಿದೆ. ನಾನು ‘ಮಿಂಚು’. ಫೋಟೋದ ಹುಡುಗಿಯ ಹಲ್ಲು ಟೂತ್‌ಪೇಸ್ಟ್ ಜಾಹೀರಾತಿನದು. ನನ್ನವು ಬಸ್ಸಿನಲ್ಲಿ ಸೀಟಿಗೆ ಜಗಳವಾಡುವವರ ಹಾಗೆ ಒಂದರ ಮೇಲೊಂದು ಹತ್ತಿವೆ.

ಕೆಲಸ ಇಷ್ಟೇ. ಗಿರಾಕಿ ಬಂದರೆ ಅವರದೇ ಫೋಟೋ ತೆಗೆಯುವುದು. ತೆಗೆದ ಕೂಡಲೇ ಕೀಗಳ ಕೆಳಗೆ, ಬಲಮೂಲೆಯಲ್ಲಿ, ಹಂಚುವ ಗುಂಡಿ ನೇರಳೆ ಬಣ್ಣಕ್ಕೆ ಬೆಳಗುತ್ತದೆ. ಅವರ ಕೈಯಲ್ಲೇ ಒತ್ತಿಸುವುದು. “ಈಗ ನೋಡಿ” ಅನ್ನುವುದು. ಟಣ್ ಟಣ್ ಎಂದು ಲೈಕುಗಳು ಉದುರುತ್ತವೆ. ವಾವ್. ಸೂಪರ್. ಎಲ್ಲಿ ತೆಗೆದಿದ್ದು? ನಾವೂ ಬರ್ತೀವಿ! ಎಲ್ಲವೂ ಕಂಪನಿಯೇ ಹೇಳಿಕೊಟ್ಟ ಮಾತು. ಯಾರದೇ ಡೆಮೋ ಬರಲಿ, ಇವುಗಳಲ್ಲಿ ಒಂದನ್ನು ಹಾಕಬೇಕು. ಫೋಟೋ ನೋಡಬೇಕಾಗಿಲ್ಲ, ಬರೆದದ್ದನ್ನು ಓದಬೇಕಾಗಿಲ್ಲ. ಬೇಗ ಹಾಕಬೇಕು. ಅಗ್ಗದ ಫೋನು... ತೋರಿಸಲು ಅದರಲ್ಲಿ ಇನ್ನೇನಿದೆ?

ಇವತ್ತು ಟೋಪಿ ತಾತ ಬಂದರು. ಹೋದ ತಿಂಗಳು ಕೊಂಡವರು. ಬೇಸಿಗೆಯಲ್ಲೂ ಉಣ್ಣೆ ಟೋಪಿ. “ಗಾಜು ಉಜ್ಜೋ ಫೋನು ನನ್ ಬೆರಳಿಗೆ ಒಗ್ಗಲ್ಲಮ್ಮ. ಒತ್ತಿದ್ರೆ ಒತ್ತಿದೆ ಅಂತ ಗೊತ್ತಾಗ್ಬೇಕು” ಎಂದು ಕೀಗಳಿರುವುದನ್ನೇ ಆರಿಸಿಕೊಂಡಿದ್ದರು. ಇವತ್ತು ಅದನ್ನು ಕೌಂಟರಿನ ಮೇಲಿಟ್ಟರು.

“ಗುಂಡಿ ಕೆಟ್ಟಿದೆ. ಇಲ್ಲಿ ಒತ್ತಿದಾಗ ಅಷ್ಟೊಂದು ಜನ ಬಂದ್ರು. ಮನೇಲಿ ಒತ್ತಿದ್ರೆ ಒಬ್ಬನೂ ಬರಲ್ಲ.”

ನೋಡಿದೆ. ಗುಂಡಿ ನೆಟ್ಟಗಿತ್ತು. ಗೆಳೆಯರ ಪಟ್ಟಿ ಖಾಲಿ. ಹೂಕುಂಡ, ಕಿಟಕಿ, ತನ್ನದೇ ಚಪ್ಪಲಿ — ತಾತ ಎಲ್ಲದರ ಫೋಟೋ ತೆಗೆದು ಯಾರೂ ಇಲ್ಲದ ಕಡೆಗೆ ಕಳಿಸಿದ್ದರು.

ಬಾಯಿ ತೆರೆದೆ. ಮ್ಯಾನೇಜರ್ ಕೌಂಟರಿನ ಕೆಳಗೆ ನನ್ನ ಕಾಲು ತುಳಿದರು. “ಸರ್ವೀಸಿಗೆ ಕಳಿಸ್ತೀವಿ ಯಜಮಾನ್ರೇ. ಸ್ವಲ್ಪ ದಿನ ಬಿಟ್ಟು ಬನ್ನಿ.”

ಹೋಗುವಾಗ ತಾತ ನನ್ನ ಕಡೆಯೇ ತಿರುಗಿ ಕೇಳಿದರು. “ರಿಪೇರಿ ಆಗುತ್ತಲ್ಲಮ್ಮಾ?”

ತಲೆಯಾಡಿಸಿದೆ. ಬಾಯಲ್ಲಿ ಸುಳ್ಳು ಹೇಳಲಿಲ್ಲ. ಆದರೆ ತಲೆಗೂ ಒಂದು ನಾಲಿಗೆ ಇದೆ.

ಬಚ್ಚಿಟ್ಟದ್ದು ಇನ್ನೂ ಒಂದಿದೆ. ಆ ಟಣ್ ಟಣ್ ಕೇಳಿದರೆ ನನಗೂ ಖುಷಿಯಾಗುತ್ತದೆ. ಎಲ್ಲ ಗೊತ್ತಿದ್ದೂ.

ಮಾರ್ಚ್ 6, ಮಧ್ಯಾಹ್ನ

ಗಿರಾಕಿಯಿಲ್ಲ. ಗಾಜು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಮ್ಯಾನೇಜರ್ ಆಕಳಿಸಿದರು, ನನಗೂ ಬಂತು. ಬೆಳಗಿನಿಂದ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅದೊಂದೇ.

ಡೆಮೋ ಫೋನಿನ ಗೆಳೆಯರ ಪಟ್ಟಿಯಲ್ಲಿ ಒಬ್ಬರು ಮಾತ್ರ ಬೇರೆ. ‘ಗುಬ್ಬಚ್ಚಿ’. ಮುಖ — ಬೈಕಿನ ಮೇಲೆ ಕೂತ ಹುಡುಗ, ಕಪ್ಪು ಕನ್ನಡಕ. ಇವನು ಕಂಪನಿಯ ಮಾತು ಹಾಕುವುದಿಲ್ಲ. ನೋಡಿ ಬರೆಯುತ್ತಾನೆ. ಒಮ್ಮೆ ಬರೆದ: “ಹಿಂದೆ ಕಾಣೋ ಫ್ಯಾನಿನ ಒಂದು ರೆಕ್ಕೆ ಯಾಕೆ ಬಾಗಿದೆ?” ತಲೆಯೆತ್ತಿ ನೋಡಿದೆ. ಹೌದು, ಬಾಗಿದೆ. ವರ್ಷದಿಂದ ಅದರ ಕೆಳಗೇ ನಿಂತಿದ್ದೇನೆ, ಕಂಡಿರಲಿಲ್ಲ. ಟೋಪಿ ತಾತನ ಡೆಮೋಗೆ ಬರೆದದ್ದು: “ಟೋಪಿ ತೆಗೆದು ಇನ್ನೊಂದು ತೆಗೀರಿ. ಹಣೆ ಲಕ್ಷಣವಾಗಿರೋ ಹಾಗಿದೆ.” ತಾತ ನಾಚಿ ಕೆಂಪಾದರು. ಟೋಪಿ ತೆಗೆದರು. ಆಮೇಲೆಯೇ ಫೋನ್ ಕೊಂಡದ್ದು.

ಒಪ್ಪಿಕೊಳ್ಳುತ್ತೇನೆ. ಅದು ಕಂಪನಿ ಅಂಟಿಸಿದ ಮುಖ, ನನ್ನ ‘ಮಿಂಚು’ವಿನ ಹಲ್ಲಿನ ಹಾಗೆಯೇ. ಆದರೂ ಬೀದಿಯಲ್ಲಿ ಬೈಕಿನ ಸದ್ದಾದರೆ ಕಿಟಕಿಗೆ ಹೋಗುತ್ತೇನೆ. ಹುಚ್ಚಿ.

ಮಾರ್ಚ್ 9, ಸಂಜೆ

ಮೈಕೈ ನೋವು. ಗಂಟಲಲ್ಲಿ ಮುಳ್ಳು.

ನೋವಾದರೆ ಹಳೆಯದೆಲ್ಲ ನೆನಪಾಗುತ್ತದೆ. ಶಾಲೆ ಬಿಟ್ಟ ದಿನ. ಪರೀಕ್ಷೆಯ ಕೋಣೆಗೆ ಮೇಷ್ಟರೇ ಚೀಟಿ ತಂದು ಹಂಚಿದರು — ಶಾಲೆಯ ಫಲಿತಾಂಶ ಕೆಡಬಾರದೆಂದು. ಎಲ್ಲರೂ ಬರೆದರು. ನಾನು ಪ್ರತಿ ಪ್ರಶ್ನೆಯ ಮುಂದೆ “ಗೊತ್ತಿಲ್ಲ” ಎಂದು ಬರೆದು ಎದ್ದು ಬಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅಣ್ಣ ಅದೇ ಶಾಲೆಯಲ್ಲಿ ಲೆಕ್ಕದ ಮೇಷ್ಟರು. “ಊರಿಗೆಲ್ಲ ಇಲ್ಲದ ಸತ್ಯ ನಿನಗೊಬ್ಬಳಿಗೆ ಯಾಕೆ ಬೇಕಿತ್ತು?” ಎಂದ. ಅಪ್ಪ ಅಮ್ಮ ಹೋದ ಮೇಲೆ ನನಗೆ ಮನೆ ಅಂತ ಇದ್ದದ್ದು ಅವನ ಮನೆ. ಅತ್ತಿಗೆ ನನ್ನ ಬಟ್ಟೆ ಮಡಿಸಿ ಬಾಗಿಲ ಹತ್ತಿರ ಇಟ್ಟಳು. ಮಡಿಕೆ ಚೆನ್ನಾಗಿತ್ತು, ಅದೂ ನಿಜ.

ಈಗ ಇಲ್ಲಿ. ಮೂರನೇ ಮಹಡಿಯ ಮೇಲೆ ಒಂಟಿ ಕೋಣೆ. ನಲ್ಲಿ ಕೆಳಗೆ, ಅಂಗಳದಲ್ಲಿ. ಮನೆಯೊಡತಿ ಮಗಳ ಊರಿಗೆ ಹೋಗಿದ್ದಾಳೆ, ಬೇರೆ ಬಾಡಿಗೆಯವರಿಲ್ಲ.

ಬ್ಯಾಗು ತೆಗೆದರೆ ಡೆಮೋ ಫೋನ್! ಸರಪಳಿಯಿಂದ ಬಿಡಿಸಿ ಡ್ರಾಯರಿನಲ್ಲಿಡಬೇಕಿತ್ತು. ತಲೆ ಧಿಮ್ಮೆನ್ನುತ್ತಿತ್ತು, ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟಿದ್ದೇನೆ. ಬೆಳಗ್ಗೆ ಹೋಗಿ ಇಟ್ಟರಾಯಿತು.

ಮಾರ್ಚ್ 13, ಬೆಳಗ್ಗೆ

ಪೆನ್ನು ಹಿಡಿಯಲು ಇವತ್ತು ಆಯಿತು.

ಜ್ವರ. ಎಷ್ಟು ಮಲಗಿದ್ದೆನೋ. ಎದ್ದರೆ ಗೋಡೆಯೂ ಏಳುತ್ತಿತ್ತು. ಕೊಡದಲ್ಲಿ ನೀರು ಮುಗಿಯಿತು. ಕೆಳಗಿಳಿಯಲು ಹೋಗಿ ಮೊದಲ ಮೆಟ್ಟಿಲಲ್ಲೇ ಕೂತೆ. ಕೂಗಿದೆ. ನನ್ನ ಕಿವಿಗೂ ಸರಿಯಾಗಿ ಕೇಳಿಸಲಿಲ್ಲ. ತೆವಳಿಕೊಂಡು ಹಾಸಿಗೆಗೆ ವಾಪಸ್.

ನನ್ನ ಸ್ವಂತ ಫೋನ್ ಬಕೆಟ್ಟಿಗೆ ಬಿದ್ದು ಸತ್ತು ಎಷ್ಟೋ ದಿನವಾಯಿತು. ಫೋನ್ ಮಾರುವವಳ ಮನೆಯಲ್ಲಿ ಫೋನಿಲ್ಲ. ಇದ್ದದ್ದು ಡೆಮೋ ಒಂದೇ. ಅದರಿಂದ ಕರೆ ಹೋಗುವುದಿಲ್ಲ, ಕಂಪನಿ ಬಂದ್ ಮಾಡಿಸಿದೆ. ಫೋಟೋ ಮತ್ತು ಗುಂಡಿ, ಅಷ್ಟೇ.

ಖಾಲಿ ಕೊಡದ ಫೋಟೋ ತೆಗೆದೆ. ಕಣ್ಣು ಮಂಜು. ಬೆರಳೇ ಕೀ ಹುಡುಕಿಕೊಂಡಿತು. “ಜ್ವರ. ನೀರಿಲ್ಲ. ಕೆಳಗಿಳಿಯಲು ಆಗುತ್ತಿಲ್ಲ. ಯಾರಾದರೂ ಇದ್ದೀರಾ?” ಗುಂಡಿ ನೇರಳೆಯಾಯಿತು. ಒತ್ತಿದೆ.

ಟಣ್ ಟಣ್ ಟಣ್.

ವಾವ್. ಸೂಪರ್. ಎಲ್ಲಿ ತೆಗೆದಿದ್ದು? ನಾವೂ ಬರ್ತೀವಿ!

ನಕ್ಕೆ. ಗಂಟಲು ಹರಿದ ಹಾಗಾಯಿತು. ಯಾರ ಮೇಲೂ ಸಿಟ್ಟು ಬರಲಿಲ್ಲ. ನಾನೂ ಒಂದು ವರ್ಷ ಅದನ್ನೇ ಮಾಡಿದ್ದೇನೆ. ಯಾರ ಖಾಲಿ ಕೊಡಕ್ಕೆ ಸೂಪರ್ ಅಂದಿದ್ದೇನೋ, ಯಾರಿಗೆ ಗೊತ್ತು.

ಫೋನ್ ಮಗುಚಿಟ್ಟು ಗೋಡೆಗೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ಒಂದೇ ಒಂದು ಟಣ್. ತಡವಾಗಿ. ಗುಬ್ಬಚ್ಚಿ.

“ಇದು ಡೆಮೋನಾ, ನಿಜಾನಾ?”

ಆ ಒಂದು ಸಾಲನ್ನು ನೋಡುತ್ತಾ ಎಷ್ಟು ಹೊತ್ತು ಮಲಗಿದ್ದೆ! “ನಿಜ” ಎಂದು ಒತ್ತಿದೆ.

“ಯಾವ ಅಂಗಡಿ?”

ಬರೆದೆ. ಆಮೇಲೆ ನಿದ್ದೆಯೋ, ಎಚ್ಚರ ತಪ್ಪಿದೆನೋ. ಬಾಗಿಲು ಬಡಿದ ಸದ್ದು. ಮ್ಯಾನೇಜರ್! ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಮಾತ್ರೆ, ಬ್ರೆಡ್ಡು. ಏದುಸಿರು.

“ಏನ್ ತಾಯೀ, ಆಕಾಶದಲ್ಲಿ ಮನೆ ಮಾಡ್ಕೊಂಡಿದ್ದೀಯಲ್ಲ! ಯಾರಮ್ಮ ಅವಳು? ಅಂಗಡಿಗೆ ಫೋನ್ ಮಾಡಿ ನನ್ನ ಜನ್ಮ ಜಾಲಾಡಿಬಿಟ್ಲು. ‘ಹುಡುಗಿ ಕೆಲಸಕ್ಕೆ ಬರದಿದ್ರೆ ಯಾಕೆ ಅಂತ ಕೇಳೋ ಅಭ್ಯಾಸ ಇಲ್ವಾ ನಿಮಗೆ?’ ಅಂತಾಳೆ. ನನ್ನ ಹೆಂಡ್ತಿನೂ ಹಾಗೆ ಬೈದಿಲ್ಲ.”

ಅವಳು. ಹಾಗಾದರೆ ಬೈಕಿನ ಹುಡುಗ ಇಲ್ಲ. ನೀರು ಕುಡಿಯುತ್ತಾ ಅದನ್ನೂ ನುಂಗಿದೆ. ನೀರು ರುಚಿಯಾಗಿತ್ತು.

ಮಾರ್ಚ್ 14, ಮಧ್ಯಾಹ್ನ

ಅಂಗಡಿಗೆ ಹೋದೆ. ಕಾಲು ಬಾಳೆದಿಂಡು. ಡೆಮೋ ಫೋನನ್ನು ಸರಪಳಿಗೆ ಸಿಕ್ಕಿಸಿದೆ.

ಮ್ಯಾನೇಜರ್ ಕಣ್ಣು ತಪ್ಪಿಸಿಕೊಂಡೇ ಹೇಳಿದರು: “ನೀನು ಬರದೇ ಇದ್ದಾಗ ನಾನು ಸುಮ್ನೆ ಕೂತಿರ್ಲಿಲ್ಲಮ್ಮ. ಸೇರುವಾಗ ನೀನು ಕೊಟ್ಟಿದ್ದ ನಂಬರಿಗೆ ಮಾಡಿದ್ದೆ. ನಿಮ್ಮಣ್ಣ ತಗೊಂಡ್ರು.”

“ಏನಂದ?”

“‘ಅವಳು ಹಾಗೇನೇ. ಸಿಟ್ಟು ಇಳಿದ್ಮೇಲೆ ಬರ್ತಾಳೆ’ ಅಂದ್ರು.”

ಅಣ್ಣ ಕೆಟ್ಟವನಲ್ಲ. ಲೆಕ್ಕ ಒಮ್ಮೆ ಮಾಡಿ ಮುಗಿಸಿದರೆ ಮತ್ತೆ ತಾಳೆ ನೋಡುವವನಲ್ಲ.

ಇನ್ನೊಂದು ರಗಳೆ. ಬೇರೆ ಯಾವುದೋ ಊರಿನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಡೆಮೋ ಫೋನ್ ನೋಡುತ್ತಿರುವಾಗಲೇ ನನ್ನ ಕೊಡ ಅಲ್ಲಿಗೆ ಹೋಗಿದೆ. ಜ್ವರ, ನೀರಿಲ್ಲ ಅಂತ ಯಾರೋ ಬರೆದರೆ ಕೆಳಗೆಲ್ಲ ವಾವ್, ಸೂಪರ್! ಇವರೆಂಥ ಜನ ಎಂದು ಆ ಗಿರಾಕಿ ಕೂಗಾಡಿದ್ದಾರೆ. ವಿಷಯ ಹೆಡ್ಡಾಫೀಸು ಮುಟ್ಟಿದೆ. ಕಂಪನಿಯ ಸಾಹೇಬರು ಇವತ್ತು ಫೋನಿನಲ್ಲಿ ನನ್ನನ್ನು ಕೇಳುತ್ತಾರಂತೆ.

“ಡೆಮೋ ಸರ್, ತಮಾಷೆಗೆ ಹಾಕಿದ್ದು, ಅಂದ್ಬಿಡು” ಎಂದರು ಮ್ಯಾನೇಜರ್. “ಒಂದು ಮಾತು. ಎಲ್ಲಾ ಮುಗೀತು. ನಿನ್ನ ಕೆಲಸಾನೂ ಉಳಿಯುತ್ತೆ, ನನ್ನ ತಲೇನೂ ಉಳಿಯುತ್ತೆ.”

ಅದೇ ದಿನ, ಸಂಜೆ

ಕರೆ ಬಂತು. ಸಾಹೇಬರ ದನಿ ಮೆತ್ತಗಿತ್ತು, ಸೋಫಾದ ಹಾಗೆ.

“ಅದು ಡೆಮೋ ತಾನೇ, ಅಮ್ಮಾ?”

ಮ್ಯಾನೇಜರ್ ನನ್ನೆದುರು ನಿಂತು ತಲೆ ಮೇಲೆ ಕೆಳಗೆ ಆಡಿಸುತ್ತಿದ್ದರು, ಮಗುವಿಗೆ ಹೇಳಿಕೊಡುವ ಹಾಗೆ.

“ಅಲ್ಲ ಸರ್.”

“ತಮಾಷೆಗೆ ಅಂತ ಬರ್ಕೋತೀನಿ, ಆಯ್ತಾ?”

“ಬರ್ಕೋಬೇಡಿ ಸರ್. ನನಗೆ ನೀರು ಬೇಕಾಗಿತ್ತು.”

ಕಾಗದ ಮಗುಚಿದ ಸದ್ದು. ಆಮೇಲೆ — ಕಂಪನಿಯ ಫೋನ್ ಮನೆಗೆ ಒಯ್ದದ್ದು ತಪ್ಪು, ಸ್ವಂತಕ್ಕೆ ಬಳಸಿದ್ದು ತಪ್ಪು, ಈ ವಾರಕ್ಕೆ ಕೆಲಸ ಮುಗಿಸಿ ಹೊರಡಿ. ಮೊದಲನೆಯದು ನನ್ನದೇ ತಪ್ಪು. ಹೌದೆಂದೆ. ಇಟ್ಟರು.

“ಸತ್ಯ ಹರಿಶ್ಚಂದ್ರನ ಮೊಮ್ಮಗಳು!” ಎಂದರು ಮ್ಯಾನೇಜರ್. ಕುರ್ಚಿಯಲ್ಲಿ ಕುಸಿದರು. “ಒಂದು ‘ಹೌದು’ ನಿನ್ನ ಬಾಯಿಂದ ಬೀಳೋದಿಲ್ವಲ್ಲೇ...”

ಬೀಳುತ್ತಿತ್ತು. ಬೇರೆ ಯಾವ ಮಾತಿಗಾದರೂ ಬೀಳುತ್ತಿತ್ತೇನೋ. ಒಂದು ವರ್ಷದಲ್ಲಿ ಆ ಗುಂಡಿಯಿಂದ ನಾನು ಕಳಿಸಿದ ನಿಜ ಅದೊಂದೇ. ಅದನ್ನೂ ಡೆಮೋ ಅಂದರೆ ಗುಬ್ಬಚ್ಚಿ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಏನಾಗುತ್ತದೆ?

ಮಾರ್ಚ್ 16, ಸಂಜೆ

ಟೋಪಿ ತಾತ ಬಂದರು. “ರಿಪೇರಿ ಆಯ್ತಾ?”

ಮ್ಯಾನೇಜರ್ ನನ್ನ ಕಾಲಿನ ಕಡೆ ನೋಡಿದರು. ಈ ಸಲ ತುಳಿಯಲಿಲ್ಲ. ಎದ್ದು ಒಳಗೆ ಹೋದರು.

ಹೇಳಿದೆ. ಗುಂಡಿ ಕೆಟ್ಟಿರಲಿಲ್ಲ ತಾತ. ಅವತ್ತು ಬಂದವರು ಗೆಳೆಯರಲ್ಲ, ಅಂಗಡಿಯವರು. ನಿಮ್ಮ ಪಟ್ಟಿಯಲ್ಲಿ ಯಾರೂ ಇಲ್ಲ, ಅದಕ್ಕೇ ಯಾರೂ ಬರಲಿಲ್ಲ. ಅವತ್ತೇ ಹೇಳಬೇಕಿತ್ತು.

ತಾತ ಟೋಪಿ ತೆಗೆದರು. ತಲೆ ಕೆರೆದುಕೊಂಡರು. ಮತ್ತೆ ಹಾಕಿಕೊಂಡರು.

“ಹಾಗಾದ್ರೆ ಆ ಬೈಕಿನ ಹುಡುಗಾನೂ ಸುಳ್ಳಾ? ನನ್ನ ಹಣೆ ನೋಡಿ ಬರೆದೋನು?”

“ಅವನು ಸುಳ್ಳು. ಬರೆದವರು ನಿಜ.”

“ಅಂದ್ರೆ?”

“ಅವರು ಹೆಂಗಸು ತಾತ.”

ತಾತ ನನ್ನ ಮುಖ ನೋಡಿದರು. ಆಮೇಲೆ ಭುಜ ಕುಣಿಯುವ ಹಾಗೆ ನಕ್ಕರು. “ಇನ್ನೂ ಒಳ್ಳೇದಾಯ್ತು ಬಿಡು! ಅವರನ್ನೇ ಹಾಕಿಕೊಡು.”

ದುಡ್ಡು ವಾಪಸ್ ಕೊಡಿಸಲೇ ಎಂದು ಕೇಳಿದೆ. ಬೇಡವಂತೆ. ಕೀಗಳು ಚೆನ್ನಾಗಿವೆಯಂತೆ. ಡೆಮೋ ಫೋನಿನಲ್ಲೇ ಗುಬ್ಬಚ್ಚಿಯನ್ನು ಕೇಳಿದೆ, ಅವರು ತಮ್ಮ ಸ್ವಂತ ಖಾತೆ ಕೊಟ್ಟರು. ಡ್ರಾಯರಿನಲ್ಲೇ ಬಿದ್ದಿದ್ದ ತಾತನ ಫೋನ್ ತೆಗೆದು ಅದಕ್ಕೆ ಹಾಕಿದೆ. ತಾತ ಅಲ್ಲೇ ನಿಂತು ಚಪ್ಪಲಿಯ ಫೋಟೋ ಕಳಿಸಿದರು. ಇಬ್ಬರೂ ಕಾದೆವು. ಡೆಮೋ ಅಲ್ಲವಲ್ಲ, ಹೊತ್ತು ಹಿಡಿಯಿತು. ತಾತ ಸ್ಟೂಲಿನ ಮೇಲೆ ಕೂತರು. ನಾನು ಗಾಜು ಒರೆಸಿದೆ.

ಟಣ್. “ಎಡಗಾಲಿಂದು ಹೆಚ್ಚು ಸವೆದಿದೆ. ಮಂಡಿ ನೋವಾ?”

“ಹೌದು ಕಣಮ್ಮಾ!” ಎಂದು ತಾತ ಫೋನಿಗೇ ಗಟ್ಟಿಯಾಗಿ ಹೇಳಿದರು.

ಮಾರ್ಚ್ 17, ಸಂಜೆ

ಬೆಳಗ್ಗೆ ಅಂಗಡಿಯ ಫೋನಿಗೆ ಗುಬ್ಬಚ್ಚಿಯ ಕರೆ. ಮೊದಲ ಸಲ ದನಿ ಕೇಳಿದೆ. ಎಣ್ಣೆ ಕಾಣದ ಬಾಗಿಲಿನ ಹಾಗೆ. ನಡುನಡುವೆ ಕೆಮ್ಮು. ವಯಸ್ಸು ಐವತ್ತು ದಾಟಿರಬೇಕು.

“ಕೆಲಸ ಹೋಯ್ತಂತೆ?”

“ಹೌದು.”

“ನಂದೂ ಹೋಯ್ತು. ನಿನ್ನ ಅಂಗಡಿಗೆ ಫೋನ್ ಮಾಡಿದ್ದು ತಪ್ಪಂತೆ. ಇರ್ಲಿ. ನಂಗೆ ಮೊದಲಿಂದ ಹೊಲಿಗೆ ಗೊತ್ತು, ಮನೆ ಮುಂದೇನೇ ಅಂಗಡಿ ಹಾಕ್ತಿದ್ದೀನಿ. ಗುಂಡಿ ಹೊಲಿಯೋಕೆ ಒಂದು ಜೊತೆ ಕೈ ಬೇಕು. ಕೋಣೆ ಒಂದು ಖಾಲಿ ಇದೆ, ಕಿಟಕಿ ಸ್ವಲ್ಪ ಬಿಗಿ. ನಾನು ಗೊರಕೆ ಹೊಡೀತೀನಿ, ಮೊದಲೇ ಹೇಳಿದೀನಿ. ಬರ್ತೀಯೋ?”

“ನಂಗೆ ಹೊಲಿಗೆ ಬರಲ್ಲ.”

“ಗೊತ್ತಿಲ್ಲ ಅನ್ನೋಕೆ ಬರುತ್ತಲ್ಲ, ಸಾಕು. ನಮ್ಮೂರ ಬಸ್‌ಸ್ಟ್ಯಾಂಡಿಗೆ ಬರ್ತೀನಿ. ನನ್ನ ಗುರುತು ಹೇಗೆ ಹಿಡೀತೀಯ?”

“ಬೈಕ್ ಮೇಲೆ ಬನ್ನಿ.”

ಅವರು ನಕ್ಕು ನಕ್ಕು ಕೆಮ್ಮು ಹತ್ತಿ ಫೋನ್ ಇಟ್ಟರು.

ನಾನು ಹೊರಡುವ ಮುಂಚೆ ಮ್ಯಾನೇಜರ್ ಡೆಮೋ ಫೋನಿನಿಂದ ‘ಮಿಂಚು’ವನ್ನು ಅಳಿಸಿದರು. ನನಗೆ ತೋರಿಸಿಯೇ ಅಳಿಸಿದರು. ಆ ಹಲ್ಲು ಹೋಯಿತು. ಆಮೇಲೆ ಸ್ಟೂಲು ಹತ್ತಿ ಫ್ಯಾನಿನ ಬಾಗಿದ ರೆಕ್ಕೆಯನ್ನು ನೆಟ್ಟಗೆ ಮಾಡಲು ನೋಡಿದರು. ಆಗಲಿಲ್ಲ. “ಯಾವಾಗ್ಲಿಂದ ಹೀಗಿದೆ ಇದು?” ಎಂದು ನನ್ನನ್ನೇ ಕೇಳಿದರು.

ಅಣ್ಣನಿಗೆ ಅಂಗಡಿಯಿಂದಲೇ ಫೋನ್ ಮಾಡಿದೆ. ಎತ್ತಲಿಲ್ಲ. ಪಾಠದ ಹೊತ್ತು. ಅತ್ತಿಗೆಯ ನಂಬರಿಗೆ ಮಾಡಿ ಹೇಳಿದೆ. “ಹುಷಾರು” ಎಂದಳು. ಆಮೇಲೆ, “ಸ್ವೆಟರ್ ಇದೆಯಾ?” ಎಂದಳು. ಇದೆ ಎಂದೆ.

ಬಟ್ಟೆ ಮಡಿಸಿದೆ. ಅತ್ತಿಗೆಯಷ್ಟು ಚೆನ್ನಾಗಿ ಬರಲಿಲ್ಲ. ಕೊಡ ತೊಳೆದು ಮಗುಚಿಟ್ಟಿದ್ದೇನೆ. ಬೀಗದ ಕೈ ಕೆಳಗಿನ ಕಿಟಕಿಯಲ್ಲಿಡಬೇಕು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.